ಎರಡು ಪ್ರತಿ, ಇಂಗ್ಲಿಷಿನಲ್ಲಿ

ಅವ್ವ ಎಂಟು ತಿಂಗಳು ಯಾರಿಗೂ ಹೇಳಿರಲಿಲ್ಲ. ಮುಟ್ಟು ನಿಂತು ಎರಡು ವರ್ಷವಾದ ಮೇಲೆ ಅವಳಿಗೆ ಮತ್ತೆ ರಕ್ತ ಕಾಣಿಸಿಕೊಂಡಿತ್ತು. ಹಳೆಯ ಸೀರೆಯ ತುಂಡುಗಳನ್ನು ನಾನು ಏಳುವ ಮೊದಲೇ ಒಗೆದು, ಹಿತ್ತಲಲ್ಲಿ ಒಟ್ಟಿದ್ದ ಹತ್ತಿಕಟ್ಟಿಗೆಯ ಹಿಂದೆ ಒಣಹಾಕುತ್ತಿದ್ದಳು. ಒಂದು ಬೆಳಿಗ್ಗೆ ಒಲೆಗೆ ಕಟ್ಟಿಗೆ ಎಳೆಯಲು ಹೋದಾಗ ಅವು ನನ್ನ ಕೈಗೆ ಸಿಕ್ಕವು. ಎಷ್ಟು ಒಗೆದರೂ ಹೋಗದ ಕಂದು ಕಲೆಗಳು.

"ಏನವ್ವಾ ಇದು?" ಎಂದೆ.

"ವಯಸ್ಸಿಂದು. ಎಲ್ಲಾರಿಗೂ ಆಗತೈತಿ."

"ಯಾವಾಗಿಂದ?"

"ದಸರಾದಾಗಿಂದ."

ಆಗ ಕಾರಹುಣ್ಣಿಮೆ ಹತ್ತಿರ ಬಂದಿತ್ತು. ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ಅವ್ವ ಒಲೆ ಊದುತ್ತಾ ಹೇಳಿದಳು: "ಮಿಲ್ಲು ಬಂದ್ ಆಗೂ ತನಕ ತಡಕೊಂಡ್ರ ಆತು, ಆಮ್ಯಾಲೆ ತೋರಿಸೂನು ಅಂದ್ಕೊಂಡಿದ್ದೆ."

ನಮ್ಮ ಆದೋನಿಯಲ್ಲಿ ಹತ್ತಿ ಮಿಲ್ಲುಗಳು ವರ್ಷವಿಡೀ ನಡೆಯುತ್ತಿರಲಿಲ್ಲ. ಹೊಸ ಹತ್ತಿ ಬಂದಾಗ ಶುರುವಾಗಿ ಬೇಸಿಗೆ ಮುಗಿಯುವಾಗ ನಿಲ್ಲುತ್ತಿದ್ದವು. ಅವ್ವ ಅಂಥದೊಂದು ಮಿಲ್ಲಿನಲ್ಲಿ ಹತ್ತಿ ಆರಿಸುತ್ತಿದ್ದಳು. ಸಾಲಾಗಿ ಕೂತ ಹೆಂಗಸರು ರಾಶಿಯೊಳಗಿನ ಎಲೆಚೂರು, ಕಾಯಿಸಿಪ್ಪೆ, ಹಳದಿಗಟ್ಟಿದ ಎಳೆಗಳನ್ನು ಆರಿಸಿ ತೆಗೆದ ಮೇಲೆ ಹತ್ತಿ ಯಂತ್ರಕ್ಕೆ ಹೋಗುತ್ತಿತ್ತು. ಅಪ್ಪ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದವನು, ನಾನು ಏಳನೆಯ ಇಯತ್ತೆಯಲ್ಲಿದ್ದಾಗ ತೀರಿಕೊಂಡ. ಆಮೇಲೆ ಹತ್ತಿ ಆರಿಸಿದ ಕೂಲಿಯಲ್ಲೇ ಅವ್ವ ನನ್ನನ್ನು ಕನ್ನಡ ಶಾಲೆಯಲ್ಲಿ ಹತ್ತರವರೆಗೆ ಓದಿಸಿದಳು, ಬಜಾರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿಸಿದಳು. ಟೈಪಿಂಗಿನ ಇಂಗ್ಲಿಷ್ ಹೈಯರ್ ಪರೀಕ್ಷೆ ಪಾಸಾದ ಮೇಲೆ ನಾನು ಅಲ್ಲಿಯೇ ಹುಡುಗಿಯರಿಗೆ ಕಲಿಸುತ್ತಾ, ಜನ ತಂದ ಅರ್ಜಿಗಳನ್ನು ಟೈಪ್ ಮಾಡಿಕೊಡುತ್ತಾ ಇದ್ದೆ. ನನಗೆ ಇಪ್ಪತ್ತೆರಡು ವರ್ಷ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು.

ಸರ್ಕಾರಿ ಆಸ್ಪತ್ರೆಯ ಲೇಡಿ ಡಾಕ್ಟರು ಅವ್ವನನ್ನು ಪರೀಕ್ಷಿಸಿ ಹೊರಗೆ ಬಂದು ಬಹಳ ಹೊತ್ತು ಕೈ ತೊಳೆದರು. ನನ್ನೊಬ್ಬಳನ್ನೇ ಕರೆದು ತೆಲುಗಿನಲ್ಲಿ ಹೇಳಿದರು: ಕರ್ನೂಲಿಗೆ ಕರೆದುಕೊಂಡು ಹೋಗು, ತುಣುಕು ತೆಗೆದು ನೋಡಲಿ, ತಡ ಮಾಡಬೇಡ. ಕರ್ನೂಲಿನಲ್ಲಿ ತುಣುಕು ತೆಗೆದರು. ಮೂರು ವಾರದ ನಂತರ ಕಾಗದ ಬಂತು. ಗರ್ಭಕೋಶದ ಬಾಯಿಯ ಕ್ಯಾನ್ಸರ್. ಆಪರೇಷನ್ ಮಾಡುವ ಹಂತ ದಾಟಿದೆ, ಕಿರಣ ಕೊಡಿಸಿದರೆ ಉಳಿಯಬಹುದು, ಅದಕ್ಕೆ ಹೈದರಾಬಾದ್ ಇಲ್ಲವೇ ಬೆಂಗಳೂರು ಎಂದರು.

ನಾನು ಹೈದರಾಬಾದ್ ಎಂದುಕೊಂಡಿದ್ದೆ. ಆದೋನಿ ಆಂಧ್ರಕ್ಕೆ ಸೇರಿದ್ದು, ನಮ್ಮ ರಾಜಧಾನಿ ಅದೇ. ಆದರೆ ಅವ್ವ ಒಪ್ಪಲಿಲ್ಲ.

"ನನಗ ಸಂತ್ಯಾಗಿನ ತೆಲುಗು ಬರತೈತಿ. ಅದರಾಗ ಮೆಣಸಿನಕಾಯಿ ತಗೋಬಹುದು, ಜಗಳಾನೂ ಆಡಬಹುದು. ಇಂಥಾ ಜಾಗದ ರೋಗ ಹೇಳಾಕ ನನಗ ಕನ್ನಡ ಒಂದೇ ಬರೂದು."

ಮರುದಿನ ಮತ್ತೆ ಸರ್ಕಾರಿ ಆಸ್ಪತ್ರೆಗೆ ಹೋದೆ. ಲೇಡಿ ಡಾಕ್ಟರು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಬಡವರಿಗೆ ಅಲ್ಲಿ ಪುಕ್ಕಟೆ ಮಾಡುತ್ತಾರೆ, ತಹಶೀಲ್ದಾರರಿಂದ ಆದಾಯದ ಸರ್ಟಿಫಿಕೇಟು ತೆಗೆದುಕೊಂಡು ಹೋಗು ಎಂದರು. ಮಿಲ್ಲಿನವರು ವಿಮೆ ಮಾಡಿಸಿದ್ದಾರೇನೋ, ಅದನ್ನೂ ಕೇಳು ಎಂದರು.

ಮಿಲ್ಲಿನ ಗುಮಾಸ್ತ ನನಗೆ ಗೊತ್ತಿದ್ದವರೇ. ನಮ್ಮ ಇನ್‌ಸ್ಟಿಟ್ಯೂಟಿನಲ್ಲೇ ಅವರ ಮಗಳು ಕಲಿಯುತ್ತಿದ್ದಳು. ವಿಮೆ ಕಾರ್ಡು ಎಂದ ಕೂಡಲೇ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮವ್ವ ನಮ್ಮ ಕೆಲಸಗಾರ್ತಿ ಅಲ್ಲಮ್ಮ. ಸೀಜನ್ ಲೇಬರು."

"ಹದಿನಾಲ್ಕು ವರ್ಷದಿಂದ ಬರತಾಳ್ರಿ."

"ಹದಿನಾಲ್ಕು ಸೀಜನ್. ವರ್ಷ ಬ್ಯಾರೆ, ಸೀಜನ್ ಬ್ಯಾರೆ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಹತ್ತಿಯಿಂದ ಬೀಜ ಬಿಡಿಸುವ ಮಿಲ್ಲಿನಂತೆ ವರ್ಷದ ಕೆಲವೇ ತಿಂಗಳು ನಡೆಯುವ ಕಾರ್ಖಾನೆಗಳಿಗೆ ಕಾರ್ಮಿಕರ ವಿಮೆಯ ಕಾನೂನು ತಗಲುವುದಿಲ್ಲ ಎಂದು ಆಮೇಲೆ ನಾನೇ ವಿಚಾರಿಸಿ ತಿಳಿದುಕೊಂಡೆ. ನನ್ನ ಸಿಟ್ಟು ಅದರಿಂದ ಇನ್ನಷ್ಟು ಹೆಚ್ಚಿತು. ಗುಮಾಸ್ತ ಮೋಸ ಮಾಡಿದ್ದರೆ ಅವರೊಬ್ಬರ ಮೇಲೆ ಜಗಳಕ್ಕೆ ಹೋಗಬಹುದಿತ್ತು. ಯಾರೋ ದೊಡ್ಡ ಊರಿನಲ್ಲಿ ಕೂತು, ಬೇಸಿಗೆಗೆ ಮಿಲ್ಲು ನಿಂತರೆ ಆರಿಸುವ ಹೆಂಗಸಿನ ಮೈಯೂ ನಿಂತುಬಿಡುತ್ತದೆ, ಮುಂದಿನ ಸೀಜನ್ನಿನವರೆಗೆ ಅವಳಿಗೆ ರೋಗವೇ ಬರುವುದಿಲ್ಲ ಎಂದು ತೀರ್ಮಾನಿಸಿದ್ದರು. ಪಕ್ಕದ ಕಾಂಪೌಂಡಿನ ನೂಲಿನ ಗಿರಣಿ ವರ್ಷವಿಡೀ ನಡೆಯುತ್ತಿತ್ತು. ಅಲ್ಲಿ ಅದೇ ಹತ್ತಿಯ ನೂಲು ತೆಗೆಯುವವರ ಕಿಸೆಯಲ್ಲಿ ವಿಮೆ ಕಾರ್ಡು ಇರುತ್ತಿತ್ತು.

ತಾಲೂಕು ಕಚೇರಿಯ ಆದಾಯದ ಅರ್ಜಿ ನನಗೆ ಬಾಯಿಪಾಠವಾಗಿತ್ತು. ನೂರಾರು ಜನರಿಗೆ ಅದನ್ನು ಟೈಪ್ ಮಾಡಿಕೊಟ್ಟು, ಕಾಗದ ಮಡಚಿ ಕೈಗಿಟ್ಟು ಮರೆತಿದ್ದೆ. ಆಮೇಲೆ ಅದು ಎಲ್ಲೆಲ್ಲಿ ಅಲೆಯುತ್ತದೆ ಎಂದು ಆವರೆಗೆ ನನಗೆ ಗೊತ್ತೇ ಇರಲಿಲ್ಲ. ರೆವಿನ್ಯೂ ಇನ್‌ಸ್ಪೆಕ್ಟರು ಮಿಲ್ಲಿನ ಕೂಲಿಯ ಚೀಟಿ ಕೇಳಿದರು. ಮಿಲ್ಲಿನವರು ಕೊಡಲಿಲ್ಲ, ಅವಳು ನಮ್ಮವಳೇ ಅಲ್ಲ ಎಂದರು. ಹಾಗಾದರೆ ಮನೆ ನೋಡಬೇಕು ಎಂದು ಇನ್‌ಸ್ಪೆಕ್ಟರು ಒಂಬತ್ತು ದಿನ ಬಿಟ್ಟು ಬಂದರು. ಅವ್ವ ಹೊರಗೆ ಬಂದು ನಿಲ್ಲಬೇಕಾಯಿತು. ಅವರ ಕಣ್ಣು ಗೋಡೆಯ ಮೇಲೆ ಕಟ್ಟು ಹಾಕಿಸಿದ್ದ ನನ್ನ ಟೈಪಿಂಗ್ ಸರ್ಟಿಫಿಕೇಟಿನ ಮೇಲೆ ಬಿತ್ತು.

"ಇಂಗ್ಲಿಷ್ ಹೈಯರಾ? ಮತ್ತೆ ಬಡವರು ಹೆಂಗಾಗ್ತಾರಮ್ಮಾ?"

"ಆಕಿ ಓದ್ಯಾಳ್ರಿ," ಎಂದಳು ಅವ್ವ. "ಬಡವರೂ ಓದತಾರ."

ಸರ್ಟಿಫಿಕೇಟು ಕೈಗೆ ಬರಲು ಹತ್ತೊಂಬತ್ತು ದಿನ ಬೇಕಾಯಿತು. ಆ ಹತ್ತೊಂಬತ್ತು ದಿನವೂ ಅವ್ವನಿಗೆ ರಕ್ತ ಹೋಗುತ್ತಲೇ ಇತ್ತು.

ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ ಬೆಂಗಳೂರಿಗೆ ಹೋದೆವು. ಈ ರೋಗದವರಿಗೆ ರೈಲಿನಲ್ಲಿ ರಿಯಾಯಿತಿ ಇದೆ ಎಂದು ಕೇಳಿ ಸ್ಟೇಷನ್ನಿನಲ್ಲಿ ವಿಚಾರಿಸಿದ್ದೆ. ಇದೆ, ಆದರೆ ಅದರ ಫಾರಂಗೆ ಚಿಕಿತ್ಸೆ ಕೊಡುವ ಆಸ್ಪತ್ರೆಯವರು ಸಹಿ ಹಾಕಿರಬೇಕು ಎಂದರು. ಸಹಿ ಬೇಕಾದರೆ ಮೊದಲು ಆಸ್ಪತ್ರೆ ಮುಟ್ಟಬೇಕು. ಮುಟ್ಟುವುದಕ್ಕೆ ಪೂರ್ತಿ ಟಿಕೆಟ್ಟು. ಅವ್ವನ ಜೊತೆ ಹತ್ತಿ ಆರಿಸುತ್ತಿದ್ದ ಹೆಂಗಸರು ಕೂಲಿಯಿಲ್ಲದ ಆ ತಿಂಗಳಲ್ಲೂ ಸೆರಗಿನ ಗಂಟು ಬಿಚ್ಚಿ ತಮ್ಮ ತಮ್ಮೊಳಗೇ ಕೂಡಿಸಿ ತಂದುಕೊಟ್ಟಿದ್ದರು. ನಾವು ಹತ್ತಿದ ಗಾಡಿಗೆ ಟಿಕೆಟ್ಟು ಬಂದದ್ದು ಆ ಗಂಟುಗಳಿಂದ. ಮಿಲ್ಲಿನಿಂದ ಏನೂ ಬರಲಿಲ್ಲ.

ಡಾಕ್ಟರು ನೋಡಿ, ಐದು ವಾರ ಕಿರಣ, ಆಮೇಲೆ ಮೂರು ದಿನ ಒಳಗೆ ರೇಡಿಯಂ ಇಟ್ಟು ಮಲಗಿಸಬೇಕು ಎಂದು ಬರೆದರು. ಬೇಗ ಶುರು ಮಾಡಬೇಕು ಎಂದೂ ಬರೆದರು. ಆ ಕಾಗದ ಹಿಡಿದು ಪುಕ್ಕಟೆ ಚಿಕಿತ್ಸೆಯ ಕಿಟಕಿಗೆ ಹೋದೆ. ಗುಮಾಸ್ತ ನಮ್ಮ ಸರ್ಟಿಫಿಕೇಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇದು ತೆಲುಗಲ್ಲಿದೆ."

"ಓದಿ ಹೇಳ್ತೀನ್ರಿ."

"ಓದೋದಲ್ಲಮ್ಮ. ಇದು ಬೇರೆ ರಾಜ್ಯದ್ದು. ಫ್ರೀ ನಮ್ಮ ರಾಜ್ಯದವರಿಗೆ ಮಾತ್ರ. ನಿಮಗೆ ಹೈದರಾಬಾದ್ ಇದೆಯಲ್ಲ."

"ಸಾರ್, ನಾವು ಕನ್ನಡದವರೇ."

"ನೀವು ಏನು ಮಾತಾಡ್ತೀರಿ ಅಂತ ನಾನು ಕೇಳಲಿಲ್ಲ. ಎಲ್ಲಿರ್ತೀರಿ ಅಂತ ಕೇಳಿದೆ."

ನಮ್ಮ ಊರಿನ ಕನ್ನಡ ಶಾಲೆಯಲ್ಲಿ ಕನ್ನಡ ಓದಿದ್ದಕ್ಕೆ ಊರಿನ ಎಷ್ಟೋ ಕಚೇರಿಗಳಲ್ಲಿ ನಮ್ಮನ್ನು ಹೊರಗಿನವರ ಹಾಗೆ ಕಂಡಿದ್ದರು. ಕನ್ನಡದ ರಾಜಧಾನಿಗೆ ಬಂದರೆ ಅಲ್ಲೂ ಹೊರಗಿನವರೇ ಆದೆವು. ಹಣ ಕೊಟ್ಟರೆ ಮಾತ್ರ ಯಾವ ರಾಜ್ಯದವರಾದರೂ ಅಡ್ಡಿಯಿರಲಿಲ್ಲ. ಆ ಹಣ ನಾವಿಬ್ಬರೂ ಎರಡು ವರ್ಷ ಉಪವಾಸವಿದ್ದು ದುಡಿದರೂ ಕೂಡುತ್ತಿರಲಿಲ್ಲ.

ಜಗಲಿಯಲ್ಲಿ ಸಿರುಗುಪ್ಪದ ಕಡೆಯ ಒಬ್ಬ ಹೆಂಗಸು ಗಂಡನನ್ನು ಕರೆದುಕೊಂಡು ಬಂದಿದ್ದಳು. ನಮ್ಮ ಮಾತು ಕೇಳಿ ಹತ್ತಿರ ಸರಿದು ಕೂತಳು.

"ಹೊಳಿ ಈಚಿಗೆ ನಿಮ್ಮವರು ಯಾರೂ ಇಲ್ಲೇನು?"

"ನನ್ನ ತಮ್ಮ ಅದಾನ," ಎಂದಳು ಅವ್ವ.

"ಮತ್ತ ಅವನ ಊರಿಂದ ಬರೆಸ್ಕೊಂಡ್ ಬರ್ರಿ. ಎಲ್ಲಾರೂ ಹಂಗ ಮಾಡತಾರ."

ಮತ್ತೆ ಆದೋನಿಗೆ ಬಂದೆವು. ನಾನು ಒಬ್ಬಳೇ ಮಾಧವರಂಗೆ ಹೋಗಿ, ಹರಿಗೋಲಿನಲ್ಲಿ ತುಂಗಭದ್ರೆ ದಾಟಿ ಕರ್ನಾಟಕದ ಕಡೆಯಿದ್ದ ಸೋದರಮಾವನ ಊರು ಸೇರಿದೆ. ಮಾವನಿಗೆ ಊರಿನ ಲೆಕ್ಕ ಬರೆಯುವ ತಲಾಟಿ ಪರಿಚಯ. ಅವ್ವ ಆ ಊರಿನಲ್ಲೇ ಇರುತ್ತಾಳೆ, ಕೂಲಿ ಮಾಡುತ್ತಾಳೆ ಎಂದು ಕನ್ನಡದಲ್ಲಿ ಬರೆದ ಕಾಗದ ಎರಡೇ ದಿನಕ್ಕೆ ನನ್ನ ಕೈಯಲ್ಲಿತ್ತು. ಇನ್‌ಸ್ಪೆಕ್ಟರು ಬಂದು ಮನೆ ನೋಡಲಿಲ್ಲ, ಅವ್ವ ಎಲ್ಲೂ ನಿಲ್ಲಬೇಕಾಗಲಿಲ್ಲ. ನಿಜದ ಕಾಗದಕ್ಕೆ ಹತ್ತೊಂಬತ್ತು ದಿನ, ಸುಳ್ಳಿನದಕ್ಕೆ ಎರಡು. ಹರಿಗೋಲಿನಲ್ಲಿ ಮರಳುವಾಗ ಅದನ್ನು ರವಿಕೆಯೊಳಗೆ ಇಟ್ಟುಕೊಂಡು ಕೂತಿದ್ದೆ. ನನಗೆ ನಾಚಿಕೆಯಾಗಲಿಲ್ಲ. ಸಿಟ್ಟಿಗೆ ನಾಚಿಕೆ ಸುಟ್ಟುಹೋಗಿತ್ತು.

ಎರಡನೆಯ ಸಲ ಅದೇ ಕಿಟಕಿ, ಅದೇ ಗುಮಾಸ್ತ. ದಿನಕ್ಕೆ ಎಷ್ಟೋ ಮುಖ ನೋಡುವವನಿಗೆ ನಮ್ಮ ನೆನಪಿರಲಿಲ್ಲ. ಕಾಗದ ಓದಿದ, ಮುದ್ರೆ ನೋಡಿದ, ಪೆನ್ನು ಕೈಗೆತ್ತಿಕೊಂಡ. ರಿಜಿಸ್ಟರಿನಲ್ಲಿ ಬರೆಯುವ ಮೊದಲು ಅವ್ವನ ಕಡೆ ತಲೆಯೆತ್ತಿ ಕೇಳಿದ:

"ಯಾವೂರಮ್ಮ?"

ದಾರಿಯುದ್ದಕ್ಕೂ ನಾನು ಹೇಳಿಕೊಟ್ಟಿದ್ದೆ. ಅವ್ವ ನನ್ನ ಕಡೆ ನೋಡಿದಳು, ಆಮೇಲೆ ಅವನ ಕಡೆ ನೋಡಿದಳು.

"ಆದೋನಿ ರೀ," ಎಂದಳು.

"ಇದರಲ್ಲಿ ಬೇರೆ ಊರಿದೆ?"

"ಅದು ನನ್ನ ತವರು. ನಾ ಇರೂದು ಆದೋನ್ಯಾಗ."

ಪೆನ್ನು ಕೆಳಗಿಳಿಯಿತು. ಅವನು ಬೈಯಲಿಲ್ಲ. ಕಾಗದವನ್ನು ಕಿಟಕಿಯ ಆಚೆಗೆ ದೂಡಿ, ಮುಂದಿನವರು ಬನ್ನಿ ಎಂದ.

ಜಗಲಿಗೆ ಬಂದ ಮೇಲೆ ನಾನು ಅವ್ವನನ್ನು ಯಾವತ್ತೂ ಬೈಯದ ಹಾಗೆ ಬೈದೆ. ಸಾಯಬೇಕು ಅಂತ ಅನ್ನಿಸಿದ್ದರೆ ಆದೋನಿಯಲ್ಲೇ ಸಾಯಬಹುದಿತ್ತು, ಇಷ್ಟು ದೂರ ನನ್ನನ್ನು ಯಾಕೆ ಎಳೆತಂದೆ ಎಂದೆ. ಇದನ್ನು ಬರೆಯುವಾಗಲೂ ಆ ಮಾತಿಗೆ ನನ್ನ ಮುಖ ಬಿಸಿಯಾಗುತ್ತದೆ. ಅವ್ವ ಸೆರಗು ಹೊದ್ದುಕೊಂಡು ಕೇಳಿಸಿಕೊಂಡಳು.

"ಹೋದ ಸಲ ಆ ಡಾಕ್ಟರ್ ಮುಂದ ಮೈ ಬಿಚ್ಚಿದೆ," ಎಂದಳು. "ಹುಡುಗೂರು ಓದೂವರು ನಾಕು ಮಂದಿ ನಿಂತು ನೋಡಿದ್ರು. ಸುಮ್ನ ಇದ್ದೆ. ಊರೊಂದು ಇತ್ತು, ಅದನ್ನೂ ತೆಗದು ಇಡು ಅಂದ್ರ ನನಗ ಆಗಲಿಲ್ಲವ್ವಾ. ನಾ ಏನ್ ಕಳವು ಮಾಡೀನಿ?"

ನಾನು ಎದ್ದು ಆಡಳಿತಾಧಿಕಾರಿಯ ಕೋಣೆ ಹುಡುಕಿಕೊಂಡು ಹೋದೆ. ಧೈರ್ಯದಿಂದ ಹೋದದ್ದಲ್ಲ, ಅವ್ವನ ಮುಖ ನೋಡಲಾಗದೆ ಹೋದದ್ದು. ಬಾಗಿಲಿನ ಜವಾನ ಊಟಕ್ಕೆ ಎದ್ದಿದ್ದ. ಒಳಗೆ ಐವತ್ತು ದಾಟಿದ ಒಬ್ಬರು ಫೈಲುಗಳ ನಡುವೆ ಕೂತಿದ್ದರು. ನಡೆದದ್ದೆಲ್ಲ ಹೇಳಿದೆ, ಮಾವನ ಊರಿನ ಕಾಗದದ ವಿಷಯವೂ. ಅವರು ಅರ್ಧ ಕೇಳಿದರು.

"ಬೇರೆ ರಾಜ್ಯದವರಿಗೆ ವಿಶೇಷ ಪ್ರಕರಣ ಅಂತ ಮಾಡೋದಕ್ಕೆ ಅವಕಾಶ ಇದೆ. ನಿರ್ದೇಶಕರು ಮಂಜೂರು ಮಾಡ್ತಾರೆ. ಅರ್ಜಿ ಕೊಡಬೇಕು. ಎರಡು ಪ್ರತಿ, ಇಂಗ್ಲಿಷಿನಲ್ಲಿ, ಟೈಪ್ ಮಾಡಿಸಿ."

ಅವಕಾಶ ಇದೆ. ಮೊದಲ ದಿನದಿಂದಲೂ ಇತ್ತು. ಕಿಟಕಿಯವನು ಹೇಳಲಿಲ್ಲ, ಗೋಡೆಯ ಮೇಲೆ ಎಲ್ಲೂ ಬರೆದಿರಲಿಲ್ಲ. ನಾವು ಒಂದು ಹೊಳೆ ದಾಟಿ, ಸುಳ್ಳು ಬರೆಸಿಕೊಂಡು, ಮೂರು ವಾರ ಕಳೆದು ಮತ್ತೆ ಬಂದಿದ್ದೆವು.

"ಹೊರಗೆ ಬಸ್ ಸ್ಟಾಪಿನ ಹತ್ತಿರ ಟೈಪ್ ಮಾಡೋರು ಇರ್ತಾರೆ. ನಮ್ಮ ಟೈಪಿಸ್ಟು ವಾರದಿಂದ ರಜಾ," ಎಂದರು.

ಮೂಲೆಯಲ್ಲಿ ಹೊದಿಕೆ ಹಾಕಿದ ಯಂತ್ರ ಕಂಡಿತು.

"ಇಲ್ಲೇ ಮಾಡ್ತೀನಿ ಸಾರ್. ನಾನು ಟೈಪಿಸ್ಟು."

ನಂಬದೆ ನೋಡಿದರು, ಆಮೇಲೆ ಕೈ ತೋರಿಸಿದರು. ನಾನು ಕಾರ್ಬನ್ ಇಟ್ಟು ಎರಡು ಹಾಳೆ ಏರಿಸಿದೆ. ಅರ್ಜಿ ಹೇಗೆ ಬರೆಯಬೇಕು ಎಂದು ನನ್ನ ಬೆರಳಿಗೇ ಗೊತ್ತಿತ್ತು. ದೀನಳಾಗಿ ಬೇಡುತ್ತೇನೆ, ತಮ್ಮ ಕರುಣೆಯನ್ನು ಯಾಚಿಸುತ್ತೇನೆ, ಈ ಉಪಕಾರಕ್ಕೆ ಚಿರಋಣಿ. ಅಂದು ಮೊದಲ ಸಲ ಒಂದೊಂದು ಪದ ಒತ್ತುವಾಗಲೂ ಹಲ್ಲು ಕಚ್ಚಿದೆ. ಹದಿನಾಲ್ಕು ವರ್ಷ ದುಡಿದವಳು ಯಾಕೆ ಬೇಡಬೇಕು? ಆದರೆ ಬೇಡಿದೆ. ಒಂದು ಅಕ್ಷರ ತಪ್ಪದೆ ಬೇಡಿದೆ.

ಅವರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಚೆನ್ನಾಗಿದೆ," ಎಂದರು. "ಎಲ್ಲಿ ಕಲಿತೆ?" ಹೇಳಿದೆ. ಅರ್ಜಿಯನ್ನು ಮೇಜಿನ ಬಲಗಡೆ ಇಟ್ಟರು. ಎಡಗಡೆಯಿಂದ ಒಂದು ಕಟ್ಟು ಎತ್ತಿ ನನ್ನ ಕಡೆ ಚಾಚಿದರು.

"ಇವು ವಾರದಿಂದ ಬಾಕಿ. ಕೈ ಚುರುಕಾಗಿದೆ ನಿಂದು. ಇವನ್ನೂ ಮುಗಿಸಿಬಿಡಮ್ಮ. ಸಂಜೆ ನಿರ್ದೇಶಕರ ಹತ್ತಿರ ಹೋಗುವಾಗ ನಿನ್ನದನ್ನೂ ತಗೊಂಡು ಹೋಗ್ತೀನಿ."

ಕೆಟ್ಟ ಮನುಷ್ಯ ಎಂದು ಅವರನ್ನು ಹೇಳಲಾರೆ. ಅವರಿಗೆ ಅದರಲ್ಲಿ ಏನೂ ವಿಚಿತ್ರ ಕಾಣಿಸಲಿಲ್ಲ, ಅಷ್ಟೆ. ನಾನು ಕೂತು ಟೈಪ್ ಮಾಡಿದೆ. ಔಷಧದ ಬೇಡಿಕೆ, ಬೆಡ್‌ಶೀಟಿನ ಜ್ಞಾಪನ, ಯಾರದೋ ಬಡ್ತಿ. ಆಮೇಲೆ ಬಂದ ನಾಲ್ಕು ಕಾಗದಗಳು ಒಂದೇ ನಮೂನೆಯವು. ಪುಕ್ಕಟೆ ಚಿಕಿತ್ಸೆ ಕೋರಿ ತಾವು ಸಲ್ಲಿಸಿದ ಅರ್ಜಿಯನ್ನು ಪರಿಶೀಲಿಸಲಾಗಿದೆ. ತಾವು ಈ ರಾಜ್ಯದ ನಿವಾಸಿಯಲ್ಲದ ಕಾರಣ ಪುರಸ್ಕರಿಸಲು ಸಾಧ್ಯವಿಲ್ಲವೆಂದು ವಿಷಾದದಿಂದ ತಿಳಿಸಲಾಗಿದೆ. ಹೆಸರು ಮತ್ತು ವಿಳಾಸದ ಜಾಗ ಮಾತ್ರ ಬೇರೆ. ನಾಲ್ಕನೆಯ ವಿಳಾಸ ನಮ್ಮ ಆದೋನಿಯ ಪಕ್ಕದ ಪತ್ತಿಕೊಂಡ ತಾಲೂಕಿನ ಒಂದು ಹಳ್ಳಿ.

ನನ್ನ ಬೆರಳು ನಿಂತವು. ವಿಶೇಷ ಪ್ರಕರಣ ಎಂಬ ಎರಡು ಪದ, ಕಾಗದಗಳ ಹಿಂದೆ ಚುಚ್ಚಿಟ್ಟಿದ್ದ ಇವರ ಅರ್ಜಿಗಳಲ್ಲಿ ಇರಲಿಲ್ಲ, ನನ್ನದರಲ್ಲಿ ಇತ್ತು. ಬೇರೇನೂ ವ್ಯತ್ಯಾಸವಿರಲಿಲ್ಲ. ಸಾರ್, ಇವರಿಗೂ ಹಾಗೆಯೇ ಮಾಡಬಹುದಲ್ಲ ಎಂದು ಕೇಳಬೇಕಿತ್ತು. ಬೇಕಂತಲೇ ತಪ್ಪು ಹೊಡೆದರೆ ಕಾಗದ ಒಂದು ದಿನವಾದರೂ ನಿಲ್ಲುತ್ತದೆ ಎಂದೂ ಹೊಳೆಯಿತು. ಮೇಜಿನ ಬಲಗಡೆ ಅವ್ವನ ಅರ್ಜಿ ಸಹಿಯಿಲ್ಲದೆ ಬಿದ್ದಿತ್ತು. ನಾನು ಕೇಳಲಿಲ್ಲ. ತಪ್ಪೂ ಹೊಡೆಯಲಿಲ್ಲ. ನಾಲ್ಕನ್ನೂ ಅಂದವಾಗಿ ಮುಗಿಸಿ, ಲಕೋಟೆಗಳ ಮೇಲೆ ವಿಳಾಸವನ್ನೂ ಹೊಡೆದುಕೊಟ್ಟೆ.

ಸಂಜೆಗೆ ಅವ್ವನ ಅರ್ಜಿ ಮಂಜೂರಾಗಿ ಬಂತು. ಮರುದಿನ ಕಿರಣ ಶುರುವಾಯಿತು.

ಐದು ವಾರ ಒಂದು ಛತ್ರದಲ್ಲಿ ಇದ್ದೆವು. ಅವ್ವನ ಹೊಟ್ಟೆಯ ಕೆಳಗಿನ ಚರ್ಮ ಕಪ್ಪಾಯಿತು, ಊಟ ಸೇರದಾಯಿತು, ಭೇದಿಯಿಂದ ಸೋತುಹೋದಳು. ರೇಡಿಯಂ ಇಟ್ಟ ಮೂರು ದಿನ ಹತ್ತಿರ ಹೋಗಲು ಬಿಡಲಿಲ್ಲ. ನಾಲ್ಕನೆಯ ದಿನ ಹೋದಾಗ, "ಹಸಿವಿ ಆಗೈತಿ," ಎಂದಳು. ನಾನು ಅಲ್ಲಿಯೇ ಕೂತು ಅತ್ತುಬಿಟ್ಟೆ. ರಕ್ತ ನಿಂತಿತು. ಆ ಮೇಲೆ ಅವ್ವ ಹನ್ನೊಂದು ವರ್ಷ ಬದುಕಿದಳು, ಬೇರೆ ಕಾಯಿಲೆಯಿಂದ ಹೋದಳು. ನಿಮ್ಮವ್ವನ ದೈವ ಗಟ್ಟಿ ಎಂದು ಊರಿನವರು ಹೇಳುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಜವಾನ ಊಟಕ್ಕೆ ಎದ್ದಿದ್ದ, ಟೈಪಿಸ್ಟು ರಜೆಯಲ್ಲಿದ್ದಳು, ಮಗಳಿಗೆ ಇಂಗ್ಲಿಷ್ ಟೈಪಿಂಗ್ ಬರುತ್ತಿತ್ತು. ಒಬ್ಬಳ ಜೀವ ಉಳಿಯುವುದು ಇಂಥ ಮೂರು ಸಂಗತಿಗಳ ಮೇಲೆ ನಿಂತಿರಬಾರದು.

ಆದೋನಿಗೆ ಬಂದು ಹತ್ತು ದಿನಕ್ಕೆ ನಾನು ಪತ್ತಿಕೊಂಡದ ಬಸ್ಸು ಹತ್ತಿದೆ. ಆ ವಿಳಾಸ ಮರೆತಿರಲಿಲ್ಲ. ಪತ್ತಿಕೊಂಡದಿಂದ ಆಚೆ ನಡೆದುಕೊಂಡೇ ಹೋಗಬೇಕಿತ್ತು. ಎರಡೂ ಕಡೆ ಸಜ್ಜೆಯ ಹೊಲ. ಊರಿನಲ್ಲಿ ಕೇಳಿದ ಕೂಡಲೇ ಮನೆ ತೋರಿಸಿದರು. ಕಂಬಳಿ ನೇಯುವವರ ಮನೆ. ಮಗ್ಗದ ಗುಂಡಿಯ ಪಕ್ಕ ನಲವತ್ತೈದರ ಸುಮಾರಿನ ಒಬ್ಬ ಗಂಡಸು ಕೆನ್ನೆಗೆ ಬಟ್ಟೆ ಒತ್ತಿಕೊಂಡು ಕೂತಿದ್ದ. ಬಾಯಿಯೊಳಗೆ ಹುಣ್ಣು, ಮಾತು ಹೊರಡುತ್ತಿರಲಿಲ್ಲ. ಅವನ ಹೆಂಡತಿಯೇ ಮಾತಾಡಿದಳು, ಒಂದು ಮಾತು ತೆಲುಗು, ಒಂದು ಮಾತು ಕನ್ನಡ.

"ಆಸ್ಪತ್ರಿಯಿಂದ ಬಂದ್ರೇನ್ರಿ? ರಂಡಿ ರಂಡಿ, ಕೂತ್ಕೊಳ್ರಿ," ಎಂದು ಚಾಪೆ ಹಾಸಿದಳು. ಬನ್ನಿ ಎನ್ನುವುದನ್ನು ನಮ್ಮ ಕಡೆ ಅವಸರದಲ್ಲಿ ಹಾಗೆ ತೆಲುಗಿನಲ್ಲೇ ಹೇಳುತ್ತಾರೆ.

ನಾನು ಆಸ್ಪತ್ರೆಯವಳಲ್ಲ ಎಂದೆ. ಬೆಂಗಳೂರಿನಿಂದ ಕಾಗದ ಬಂತಾ ಎಂದು ಕೇಳಿದೆ. ಅವಳ ಮುಖ ಅರಳಿತು. ಒಳಗಿನ ಟ್ರಂಕಿನಿಂದ ರೇಷನ್ ಕಾರ್ಡಿನ ಜೊತೆ ಬಟ್ಟೆಯಲ್ಲಿ ಸುತ್ತಿಟ್ಟ ಲಕೋಟೆ ತಂದಳು.

"ಬಂದೈತ್ರಿ. ತಿಂಗಳ ಮ್ಯಾಲಾತು. ಅಂಚೆಯಾತ ಆಸ್ಪತ್ರಿದೇ ಅಂದ. ಇಲ್ಲಿ ಇಂಗ್ಲಿಷ್ ಓದೂವರು ಯಾರೂ ಇಲ್ಲ, ಸ್ಕೂಲಿಗೆ ಮಾಸ್ತರೇ ಬಂದಿಲ್ಲ. ಯಾವತ್ತು ಬರಬೇಕಂತ ಇನ್ನೊಂದು ಕಾಗದ ಹಾಕ್ತಾರಂತ ಕಾಯಾಕತ್ತೀವಿ."

ಲಕೋಟೆ ತೆರೆದೆ. ಒಂದು ಅಕ್ಷರವೂ ಸಾಲು ಬಿಟ್ಟು ಹೋಗಿರಲಿಲ್ಲ. ಏನು ಬರೆದಿದೆ ಎಂದು ಕನ್ನಡದಲ್ಲಿ ಹೇಳಿದೆ. ಇದನ್ನು ಟೈಪ್ ಮಾಡಿದವಳು ನಾನೇ ಎಂದೂ ಹೇಳಿದೆ. ಹೇಳದೆ ಇರಲು ಆಗಲಿಲ್ಲ.

ಗಂಡಸು ಕಣ್ಣು ಮುಚ್ಚಿಕೊಂಡ. ಹೆಂಗಸು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಇನ್ನೊಮ್ಮೆ ನೋಡಿದಳು.

"ಇಷ್ಟು ಸಾಪಾಗಿ ಬಂದೈತಿ," ಎಂದಳು. "ಕೆಟ್ಟ ಸುದ್ದಿ ಆಗಿದ್ರ ಇಷ್ಟು ಚಂದ ಮಾಡಿ ಕಳಿಸ್ತಾರ ಅನಕೊಳ್ಳಲಿಲ್ಲ ನಾವು."

ಅವಳು ನನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಎದ್ದು ಹೋಗಿ ಮಜ್ಜಿಗೆ ತಂದುಕೊಟ್ಟಳು. ನಾನು ವಿಶೇಷ ಪ್ರಕರಣದ ವಿಷಯ ಹೇಳಿದೆ. ವಿವರ ಬರೆದುಕೊಂಡೆ, ಗಂಡಸಿನ ಹೆಬ್ಬೆಟ್ಟು ಒತ್ತಿಸಿಕೊಂಡೆ. ಮರುದಿನ ಆದೋನಿಯಲ್ಲಿ ಎರಡು ಪ್ರತಿ ಟೈಪ್ ಮಾಡಿ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಉತ್ತರ ಬರಲಿಲ್ಲ. ಮತ್ತೆ ಕಳಿಸಿದೆ. ಮೂರನೆಯದನ್ನು ಕಳಿಸುವಾಗ ದೀನಳಾಗಿ ಎಂಬ ಪದವನ್ನು ಬಿಟ್ಟುಬಿಟ್ಟೆ, ರೋಗಿ ಬದುಕಿರುವಾಗಲೇ ಉತ್ತರ ಬಂದರೆ ಉಪಯೋಗವಾದೀತು ಎಂದು ಸೇರಿಸಿದೆ. ನಮ್ಮ ಇನ್‌ಸ್ಟಿಟ್ಯೂಟಿನ ಮಾಲೀಕರು ಅದನ್ನು ಓದಿ, ಹೀಗೆಲ್ಲ ಬರೀಬಾರದು ತಾಯಿ, ಕೆಲಸ ಕೆಡ್ತದೆ ಎಂದರು. ನಾನು ಬದಲಿಸಲಿಲ್ಲ. ಆ ಸಾಲಿನಿಂದಲೇ ತಡವಾಯಿತೇನೋ ಎಂಬ ಸಂಶಯ ಮಾತ್ರ ನನ್ನನ್ನು ಬಹಳ ವರ್ಷ ಬಿಡಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಆ ಹೆಂಗಸು ವಿಚಾರಿಸಿಕೊಂಡು ನಮ್ಮ ಮನೆಗೆ ಬಂದಳು. ಹಣೆ ಬರಿದಾಗಿತ್ತು. ಗಂಡ ತೀರಿಕೊಂಡು ಇಪ್ಪತ್ತೆರಡು ದಿನವಾಗಿತ್ತು. ಕೈಯಲ್ಲಿ ಒಂದು ಹೊಸ ಲಕೋಟೆ. ಹಿಂದಿನ ದಿನ ಬಂದಿತ್ತಂತೆ. ಇನ್ನೂ ತೆರೆದಿರಲಿಲ್ಲ.

ನಾನು ತೆರೆದು ಓದಿದೆ. ವಿಶೇಷ ಪ್ರಕರಣವೆಂದು ಪರಿಗಣಿಸಿ ಪುಕ್ಕಟೆ ಚಿಕಿತ್ಸೆ ಮಂಜೂರಾಗಿದೆ, ರೋಗಿ ಕೂಡಲೇ ಹಾಜರಾಗಬೇಕು. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ಅವಳ ಪಕ್ಕ ಕೂತಳು. ಆಮೇಲೆ ಹೆಂಗಸು ಕೇಳಿದಳು:

"ನಮ್ಮೂರಾಗ ಇನ್ನೊಬ್ಬಾತಗ ಹಿಂಗ ಬಾಯಿ ಹುಣ್ಣಾಗೈತಿ. ಸಣ್ಣ ವಯಸ್ಸು. ಈ ಕಾಗದ ಅವಗ ನಡೀತೈತೇನ್ರಿ?"

ನಡೆಯುವುದಿಲ್ಲ, ಹೆಸರು ಬರೆದಿದೆ ಎಂದೆ.

"ಹೆಸರೊಂದೇ ಅಲ್ಲೇನ್ರಿ ಬ್ಯಾರೆ? ರೋಗ ಅದೇ ಐತಿ. ಬಡತನ ಅದೇ ಐತಿ. ಊರೂ ಅದೇ."

ಅವಳು ತಿಳಿಯದೆ ಕೇಳುತ್ತಿರಲಿಲ್ಲ. ನನ್ನ ಮುಖವನ್ನೇ ನೋಡುತ್ತಾ, ಸರಿಯಾದ ಉತ್ತರ ಬರುವವರೆಗೆ ಏಳುವುದಿಲ್ಲ ಎನ್ನುವಂತೆ ಕೂತಿದ್ದಳು. ಅವ್ವ ಅವಳನ್ನು ಊಟಕ್ಕೆ ಎಬ್ಬಿಸಿದಳು. ಉಂಡ ಮೇಲೆ ಆ ಹುಡುಗನ ಹೆಸರು, ತಂದೆಯ ಹೆಸರು, ವಯಸ್ಸು ಹೇಳಿದಳು, ನಾನು ಬರೆದುಕೊಂಡೆ. ಸಂಜೆಯ ಬಸ್ಸಿಗೆ ಅವ್ವನೇ ಅವಳನ್ನು ಬಿಟ್ಟು ಬಂದಳು.